ಅಂಗಳದ ಡಿಜೆಗೆ ಹತ್ತು ಗಂಟೆಯ ಗಡಿ

ಪುತ್ತೂರು, ಸುಳ್ಯ, ಕಡಬದಲ್ಲಿ ಬಾರುಗಳಿವೆ, ಕುಣಿಯುವ ಜಾಗವಿಲ್ಲ. ಇಲ್ಲಿನ ಅರೆಕಾಲಿಕ ಡಿಜೆಗಳನ್ನು ಸಾಕಿದ್ದು ಮದುವೆ ಮನೆಯ ಅಂಗಳ. ಈಗ ಅಂಗಳಕ್ಕೂ ಗಡಿಯಾರ ಬಂದಿದೆ.

ನವೆಂಬರಿನಿಂದ ಮೇ ತಿಂಗಳವರೆಗೆ, ವಾರಾಂತ್ಯದ ಮಧ್ಯಾಹ್ನಗಳಲ್ಲಿ ಮಾಣಿ–ಮೈಸೂರು ಹೆದ್ದಾರಿಯಲ್ಲಿ ಒಂದು ಬಗೆಯ ಪಿಕಪ್ ವಾಹನಗಳು ಮತ್ತೆ ಮತ್ತೆ ಎದುರಾಗುತ್ತವೆ. ಹಿಂದೆ ಟಾರ್ಪಾಲು ಬಿಗಿದ ಕಪ್ಪು ಪೆಟ್ಟಿಗೆಗಳು, ಸುತ್ತಿಟ್ಟ ವಯರಿನ ಸುರುಳಿಗಳು, ಲೈಟು ಕಟ್ಟುವ ಅಲ್ಯೂಮಿನಿಯಂ ಕಂಬದ ತುಂಡುಗಳು. ಪೆಟ್ಟಿಗೆಗಳ ಸಂದಿಯಲ್ಲಿ ಹೇಗೋ ಜಾಗ ಮಾಡಿಕೊಂಡ ಇಬ್ಬರು ಹುಡುಗರು. ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಬ್ಯಾಗೊಂದನ್ನು ಮಗುವಿನ ಹಾಗೆ ಹಿಡಿದು ಕೂತವನೇ ಡಿಜೆ. ಬ್ಯಾಗಿನೊಳಗೆ ಲ್ಯಾಪ್‌ಟಾಪ್, ಕಂಟ್ರೋಲರ್, ಒಂದು ಹೆಡ್‌ಫೋನ್, ನಾಲ್ಕಾರು ಪೆನ್‌ಡ್ರೈವ್. ಮುಕ್ಕಾಲು ಪಾಲು ಸಂದರ್ಭದಲ್ಲಿ ಆತನಿಗೆ ಸೋಮವಾರ ಬೆಳಿಗ್ಗೆ ಹೋಗಬೇಕಾದ ಬೇರೊಂದು ಕೆಲಸ ಇರುತ್ತದೆ.

ಡಿಜೆ ಎಂದರೆ ಬೆಂಗಳೂರಿನ ಪಬ್ಬು, ಗೋವಾದ ಬೀಚು ನೆನಪಾಗುವವರಿಗೆ ಈ ಪಿಕಪ್ಪು ಎಲ್ಲಿಗೆ ಹೋಗುತ್ತದೆ ಎಂಬ ಕುತೂಹಲ ಸಹಜ. ಅದು ಹೆದ್ದಾರಿ ಬಿಟ್ಟು ಕಾಂಕ್ರೀಟು ರಸ್ತೆಗೆ, ಅಲ್ಲಿಂದ ಮಣ್ಣಿನ ರಸ್ತೆಗೆ ಇಳಿದು, ಅಡಿಕೆ ತೋಟದ ನಡುವಿನ ಒಂದು ಮನೆಯ ಅಂಗಳದಲ್ಲಿ ನಿಲ್ಲುತ್ತದೆ. ಅಲ್ಲಿ ಮರುದಿನ ಮದುವೆ, ಇವತ್ತು ಮೆಹಂದಿ.

ಬಾರ್ ಉಂಟು, ಫ್ಲೋರ್ ಇಲ್ಲ

ಈ ಮೂರೂ ಪೇಟೆಗಳಲ್ಲಿ ಬಾರುಗಳಿಗೆ ಬರವಿಲ್ಲ. ಅಬಕಾರಿ ಇಲಾಖೆಯ ಭಾಷೆಯಲ್ಲಿ ಇವು ಸಿಎಲ್-9 ಸನ್ನದಿನ ಬಾರ್ ಆ್ಯಂಡ್ ರೆಸ್ಟೋರೆಂಟುಗಳು, ಇಲ್ಲವೇ ವಸತಿಗೃಹಕ್ಕೆ ಹೊಂದಿಕೊಂಡ ಸಿಎಲ್-7ಗಳು. ಸದಸ್ಯರಿಗಷ್ಟೇ ಮದ್ಯ ಒದಗಿಸುವ ಕ್ಲಬ್ಬುಗಳ ಸನ್ನದು ಸಿಎಲ್-4. ಒಳಗೆ ಮಂದ ಬೆಳಕು, ಟಿವಿಯಲ್ಲಿ ಕ್ರಿಕೆಟ್, ತಟ್ಟೆಯಲ್ಲಿ ಮೀನು ಫ್ರೈ, ಮೇಜಿನ ಸುತ್ತ ಅಡಿಕೆ ಧಾರಣೆಯ ಮಾತು. ಬರುವವರು ಗಂಡಸರು, ಕೂತು ಕುಡಿದು ಉಂಡು ಹೋಗುವುದು ವಾಡಿಕೆ. ಎದ್ದು ಕುಣಿಯುವುದು ಇಲ್ಲಿನ ಬಾರುಗಳ ಪದ್ಧತಿಯಲ್ಲ. ಡಿಜೆ ಇಟ್ಟರೆ ಮಾಲೀಕನಿಗೆ ಗಿರಾಕಿ ಹೆಚ್ಚುವ ಭರವಸೆಯಿಲ್ಲ. ನೆರೆಹೊರೆಯ ದೂರು, ಠಾಣೆಯ ವಿಚಾರಣೆ ಮಾತ್ರ ಖಾತ್ರಿ.

ದೊಡ್ಡ ನಗರಗಳಲ್ಲೂ ಇದು ಸಲೀಸಾದ ವ್ಯವಹಾರವಲ್ಲ. ಬೆಂಗಳೂರಿನಲ್ಲಿ ಹೋಟೆಲು, ಬಾರುಗಳ ಸಂಗೀತ–ನೃತ್ಯಕ್ಕೆ ಪ್ರತ್ಯೇಕ ಪರವಾನಗಿ ಕಡ್ಡಾಯ ಮಾಡುವ ಆದೇಶ 2005ರಲ್ಲಿ ಬಂತು. ಅದರ ವಿರುದ್ಧದ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರಲ್ಲಿ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. ಮಂಗಳೂರಿನ ಕಥೆ ಇನ್ನೂ ಕಹಿ. 2009ರ ಜನವರಿ 24ರಂದು ಅಲ್ಲಿನ ‘ಅಮ್ನೇಷಿಯಾ’ ಪಬ್ಬಿಗೆ ನುಗ್ಗಿದ ಗುಂಪು ಯುವತಿಯರನ್ನು ಎಳೆದಾಡಿ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯೊಂದರಲ್ಲಿ ನಡೆಯುತ್ತಿದ್ದ ಹುಟ್ಟುಹಬ್ಬದ ಪಾರ್ಟಿಯ ಮೇಲೂ ದಾಳಿಯಾಯಿತು. ಪಬ್ ಪ್ರಕರಣದ ಆರೋಪಿಗಳು 2018ರಲ್ಲಿ ಖುಲಾಸೆಯಾದರು. ಮಂಗಳೂರಿನಲ್ಲಿ ಪಬ್ಬುಗಳು ಮತ್ತೆ ತುಂಬಿದವು. ಪುತ್ತೂರಿನಿಂದ ಐವತ್ತು ಕಿಲೋಮೀಟರಿನಷ್ಟು ದೂರ ಹೋಗಿ ವಾರಾಂತ್ಯಕ್ಕೆ ಅಲ್ಲಿ ನುಡಿಸಿ ಬರಬಹುದು. ಆದರೆ ಘಟ್ಟದ ಬುಡದ ಪೇಟೆಗಳಲ್ಲಿ ಅಂಥದ್ದೊಂದನ್ನು ತೆರೆಯಲು ಹಣ ಇದ್ದವರಿಗೂ ಧೈರ್ಯ ಸಾಲದು.

ಆ ಮಾತು ಒಂದು ಕಡೆಗಿರಲಿ. ಅದೇ ಊರಿನ ಅದೇ ಮನೆಗಳ ಹೆಣ್ಣುಮಕ್ಕಳು ಮೆಹಂದಿಯ ರಾತ್ರಿ ಅಂಗಳದಲ್ಲಿ ನಾಲ್ಕು ಗಂಟೆ ಕುಣಿದರೆ ಯಾರೂ ತಕರಾರು ಎತ್ತುವುದಿಲ್ಲ. ಮದುಮಗಳ ಗೆಳತಿಯರು, ಅತ್ತಿಗೆಯರು, ಚಿಕ್ಕಮ್ಮಂದಿರು, ಕೊನೆಗೆ ಕೈ ಹಿಡಿದು ಎಳೆದರೆ ಅಜ್ಜಿಯೂ. ನೋಡುವವರು ಬಂಧುಗಳು, ಜಾಗ ಮನೆಯದು, ನೆಪ ಮದುವೆಯದು. ಪಬ್ಬಿನಲ್ಲಿ ಸಂಶಯಕ್ಕೆ ಒಳಗಾಗುವ ಕುಣಿತ ಅಂಗಳದಲ್ಲಿ ಗಮ್ಮತ್ತು ಅನ್ನಿಸಿಕೊಳ್ಳುತ್ತದೆ. ಈ ಮೂರು ತಾಲೂಕುಗಳಲ್ಲಿ ಹೆಂಗಸರಿಗೂ ಗಂಡಸರಿಗೂ ಒಟ್ಟಿಗೆ ದಕ್ಕಿದ ಡ್ಯಾನ್ಸ್ ಫ್ಲೋರ್ ಇದೊಂದೇ ಎನ್ನಬಹುದು. ಅರೆಕಾಲಿಕ ಡಿಜೆಯ ಇಡೀ ಬದುಕು ನಿಂತಿರುವುದು ಇದರ ಮೇಲೆ.

ಮೈಕ್‌ಸೆಟ್ಟಿನ ವಂಶ

ಈ ಕಸುಬು ಪಬ್ಬಿನಿಂದ ಇಳಿದು ಬಂದದ್ದಲ್ಲ, ಮೈಕ್‌ಸೆಟ್ಟಿನಿಂದ ಬೆಳೆದದ್ದು. ಗ್ಯಾಸ್‌ಲೈಟು, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳಲ್ಲೇ ಮೈಕೂ ಸಿಗುತ್ತಿತ್ತು. ಮದುವೆ ಮನೆಯ ತೆಂಗಿನ ಮರಕ್ಕೆ ಬೆಳಿಗ್ಗೆಯೇ ಹಾರ್ನ್ ಕಟ್ಟಿ ರೆಕಾರ್ಡು ಹಾಕಿದರೆ, ಹೊಳೆಯಾಚೆಯವರಿಗೆ ಇಂಥವರ ಮನೆಯಲ್ಲಿ ಕಾರ್ಯಕ್ರಮ ಎಂಬ ಸುದ್ದಿ ಮುಟ್ಟುತ್ತಿತ್ತು. ಅಹುಜಾ ಆಂಪ್ಲಿಫಯರಿನ ಎದುರು ಸ್ಟೂಲು ಹಾಕಿ ಕೂತವನು ಊಟದ ಹೊತ್ತಿಗೆ ಯಾವ ಹಾಡು, ಧಾರೆಯ ಹೊತ್ತಿಗೆ ಯಾವುದು ಎಂದು ತಾನೇ ನಿರ್ಧರಿಸುತ್ತಿದ್ದ. ರೆಕಾರ್ಡು ಹೋಗಿ ಕ್ಯಾಸೆಟ್ಟು, ಕ್ಯಾಸೆಟ್ಟು ಹೋಗಿ ಸಿಡಿ ಬಂದರೂ ಆ ಸ್ಟೂಲು ಖಾಲಿಯಾಗಲಿಲ್ಲ. ಹಾರ್ನ್ ಇಳಿದು ಬಾಕ್ಸು ಬಂತು. ಬಾಕ್ಸಿನ ಕೆಳಗೆ ಹದಿನೆಂಟು ಇಂಚಿನ ಬೇಸ್ ಬಂತು. ಸ್ಟೂಲಿನ ಜಾಗದಲ್ಲಿ ಬಟ್ಟೆ ಹೊದಿಸಿದ ಮೇಜು, ಮುಂದೆ ಹೆಸರು ಬರೆದ ಎಲ್‌ಇಡಿ ಬೋರ್ಡು ಬಂತು. ಇಂದಿಗೂ ಅಂಗಡಿಯ ಫಲಕದಲ್ಲಿ ‘ಸೌಂಡ್ಸ್ ಆ್ಯಂಡ್ ಲೈಟಿಂಗ್ಸ್’ ದೊಡ್ಡ ಅಕ್ಷರದಲ್ಲಿ, ‘ಡಿಜೆ’ ಅದರ ಕೆಳಗಿನ ಸಾಲಿನಲ್ಲಿ ಇರುತ್ತದೆ.

ಇದು ನಮ್ಮೂರಿನ ವಿಚಿತ್ರವೂ ಅಲ್ಲ. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1950ರ ದಶಕದಲ್ಲಿ ಹೋಟೆಲುಗಳ ಬ್ಯಾಂಡು ಕೇಳಲು ದುಡ್ಡಿಲ್ಲದ ಜನರಿಗಾಗಿ ಹುಟ್ಟಿದ್ದು ಬಯಲಿನ ಸೌಂಡ್ ಸಿಸ್ಟಮ್. ದೊಡ್ಡ ಪೆಟ್ಟಿಗೆಗಳನ್ನು ವಾಹನದಲ್ಲಿ ಹೇರಿ ತಂದು ಹಿತ್ತಿಲುಗಳಲ್ಲಿ ಜೋಡಿಸಿ ರೆಕಾರ್ಡು ಹಾಕುತ್ತಿದ್ದರು. ಅವುಗಳ ಮಾಲೀಕರೂ ಬೇರೆ ವ್ಯಾಪಾರ ಇದ್ದವರೇ: ‘ಟಾಮ್ ದಿ ಗ್ರೇಟ್ ಸೆಬಾಸ್ಟಿಯನ್’ ಎಂದು ಹೆಸರಾದ ಟಾಮ್ ವಾಂಗ್ ಹಾರ್ಡ್‌ವೇರ್ ವ್ಯಾಪಾರಿ, ಡ್ಯೂಕ್ ರೀಡ್‌ನದು ಮದ್ಯದ ಅಂಗಡಿ. ಅದೇ ಕಿಂಗ್‌ಸ್ಟನ್ನಿನಿಂದ 1967ರಲ್ಲಿ ನ್ಯೂಯಾರ್ಕಿಗೆ ಹೋದ ಹುಡುಗ ಕ್ಲೈವ್ ಕ್ಯಾಂಪ್‌ಬೆಲ್, ಅಂದರೆ ಡಿಜೆ ಕೂಲ್ ಹರ್ಕ್. 1973ರ ಆಗಸ್ಟ್ 11ರಂದು ಬ್ರಾಂಕ್ಸಿನ ಒಂದು ವಸತಿ ಕಟ್ಟಡದ ಸಾರ್ವಜನಿಕ ಕೋಣೆಯಲ್ಲಿ, ತಂಗಿಯ ಶಾಲಾ ಬಟ್ಟೆಯ ಖರ್ಚಿಗೆಂದು ಏರ್ಪಾಡಾದ ಪಾರ್ಟಿಗೆ ಆತ ರೆಕಾರ್ಡು ಹಾಕಿದ. ಹಿಪ್‌ಹಾಪ್ ಹುಟ್ಟಿದ ದಿನ ಎಂದು ಜಗತ್ತು ಈಗ ಅದನ್ನೇ ಲೆಕ್ಕ ಹಾಕುತ್ತದೆ. ಜಮೈಕಾ ಕೂಡ 1997ರಲ್ಲಿ ಶಬ್ದ ನಿಯಂತ್ರಣ ಕಾಯ್ದೆ ತಂದು ಈ ಕುಣಿತಗಳಿಗೆ ಗಡಿಯಾರ ಕಟ್ಟಿತು. ಬಯಲಿನಲ್ಲಿ ನುಡಿಸುವವರ ಜಗಳ ಎಲ್ಲ ಕಡೆಯೂ ಕೊನೆಗೆ ನೆರೆಮನೆಯ ನಿದ್ದೆಯ ಜತೆಗೇ.

ಒಂದೇ ಅಂಗಳ, ಹಲವು ಭಾಷೆ

ಪಬ್ಬಿನ ಡಿಜೆಗೆ ಬರುವವರ ವಯಸ್ಸು, ರುಚಿ ಹೆಚ್ಚು ಕಡಿಮೆ ಗೊತ್ತಿರುತ್ತದೆ. ಅಂಗಳದ ಡಿಜೆಯ ಎದುರು ಐದು ವರ್ಷದ ಮಗುವಿನಿಂದ ಎಪ್ಪತ್ತರ ಮಾವನವರೆಗೆ ಎಲ್ಲರೂ ಇರುತ್ತಾರೆ, ಮತ್ತು ಅವರೆಲ್ಲರೂ ಒಬ್ಬರಿಗೊಬ್ಬರು ಸಂಬಂಧಿಕರು. ಭಾಷೆಗಳೂ ಹಾಗೆಯೇ. ಪುತ್ತೂರು ಕಡೆಯ ಮೆಹಂದಿಯಲ್ಲಿ ತುಳು ಹಾಡಿಲ್ಲದೆ ನಡೆಯದು. ಸುಳ್ಯದ ಗೌಡರ ಮನೆಯಲ್ಲಿ ಮಾತೆಲ್ಲ ಅರೆಭಾಷೆ, ಹಾಡು ಕನ್ನಡ–ತುಳು–ಮಲಯಾಳ ಬೆರಕೆ. ಜಾಲ್ಸೂರು ದಾಟಿದರೆ ಕಾಸರಗೋಡು ಜಿಲ್ಲೆ, ಆದ್ದರಿಂದ ಕೇರಳದ ಹೊಸ ಹಾಡು ಮಂಗಳೂರಿಗಿಂತ ಮೊದಲು ಇಲ್ಲಿಗೆ ಬಂದಿರುತ್ತದೆ. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ನೆಲೆ ನಿಂತ ರಬ್ಬರು ತೋಟದ ಕಾಲೊನಿಗಳಲ್ಲಿ ತಮಿಳಿನ ಕುತ್ತು ಹಾಡಿಗೇ ಮೊದಲ ಮರ್ಯಾದೆ. ಕೊಂಕಣಿ ಕ್ರೈಸ್ತರ ಮನೆಯಲ್ಲಿ ಮದುವೆಯ ಮುನ್ನಾದಿನ ರೋಸ್. ತೆಂಗಿನ ಹಾಲು ಹಚ್ಚುವ ಶಾಸ್ತ್ರ ಮುಗಿದ ಮೇಲೆ ಬೈಲಾ. ಮರುದಿನದ ರಿಸೆಪ್ಶನ್ನಿನಲ್ಲಿ ಎಂಸಿ, ಟೋಸ್ಟು, ವಾಲ್ಟ್ಸ್ ಎಲ್ಲ ಕ್ರಮಬದ್ಧ. ಬ್ಯಾರಿ ಮನೆಗಳಲ್ಲಿ ಮಾಪಿಳ್ಳೆ ಹಾಡು, ದಫ್ ಸಲ್ಲುತ್ತದೆ. ಡಿಜೆ ಬೇಡ ಎನ್ನುವ ಜಮಾಅತ್‌ಗಳ ಮಾತನ್ನೂ ಗಮನಿಸಬೇಕು.

ಕುಶಲತೆ ಕೆಲಸಕ್ಕೆ ಬರುವುದು ಇಲ್ಲೇ. ಒಂದು ಹಾಡು ಮುಗಿಯುವ ಮೊದಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ಕೇಳಿ, ಎರಡರ ವೇಗ ಹೊಂದಿಸಿ, ಕಾಲು ನಿಲ್ಲದ ಹಾಗೆ ದಾಟಿಸುವುದು ಡಿಜೆಯ ಮೂಲ ವಿದ್ಯೆ. ವೇಗದ ಲೆಕ್ಕ ನಿಮಿಷಕ್ಕೆ ಇಷ್ಟು ಬೀಟು ಎಂದು. ಈಗಿನ ಸಿನಿಮಾ ಹಾಡುಗಳು ಕಂಪ್ಯೂಟರಿನ ತಾಳಕ್ಕೆ ಕಟ್ಟಿದವು, ಆರಂಭದಿಂದ ಕೊನೆಯವರೆಗೆ ವೇಗ ಒಂದೇ. ಸಾಫ್ಟ್‌ವೇರಿನ ‘ಸಿಂಕ್’ ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಆದರೆ ಹಳೆಯ ಹಾಡುಗಳನ್ನು ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ್ದರು. ಚರಣಕ್ಕೆ ಬರುವಾಗ ತಾಳ ಕೂದಲೆಳೆಯಷ್ಟು ಮುಂದೆ ಓಡುತ್ತದೆ, ಪಲ್ಲವಿಗೆ ಮರಳುವಾಗ ಹಿಂದೆ ಬೀಳುತ್ತದೆ. ಅಲ್ಲಿ ಯಂತ್ರ ಸೋಲುತ್ತದೆ, ಕಿವಿ ಬೇಕಾಗುತ್ತದೆ. ಬೈಲಾದಂಥ ಹಾಡುಗಳದ್ದು ಇನ್ನೊಂದು ತಕರಾರು: ಅವು ಮೂರು ಮೂರರ ಗತಿಯವು, ಡಿಜೆ ಹಾಡುಗಳು ನಾಲ್ಕರವು. ಎರಡನ್ನೂ ಒಂದರ ಮೇಲೊಂದು ಹಾಕಿದರೆ ಕುಣಿಯುವವರು ಮುಗ್ಗರಿಸುತ್ತಾರೆ. ಹಾಗಾಗಿ ನುರಿತವರು ಬೆರೆಸಲು ಹೋಗುವುದಿಲ್ಲ. ಸದ್ದನ್ನು ಒಮ್ಮೆ ಪೂರ್ತಿ ತೆಗೆದು, ಹುಲಿವೇಷದ ತಾಸೆಯ ನಾಲ್ಕು ಪೆಟ್ಟು ಹಾಕಿ, ಆ ಕೇಕೆಯ ನಡುವೆ ಹೊಸ ಗತಿಗೆ ಹಾರುತ್ತಾರೆ. ತಾಸೆಯ ಸದ್ದಿಗೆ ಈ ಜಿಲ್ಲೆಯಲ್ಲಿ ಕಾಲು ಅಲುಗಿಸದವರು ಕಡಿಮೆ.

ಹಂಸಲೇಖರ ಸಂಗೀತದ ‘ಪ್ರೇಮಲೋಕ’ ಬಂದದ್ದು 1987ರಲ್ಲಿ. ಅಂದು ಕಾಲೇಜಿನಲ್ಲಿದ್ದವರು ಇಂದು ಮದುಮಕ್ಕಳ ತಂದೆ ತಾಯಿ. ಅಂಥ ಹಾಡುಗಳನ್ನು ಯಾವ ಹೊತ್ತಿಗೆ ಹಾಕಬೇಕೆಂದು ಗೊತ್ತಿರುವವನ ಅಂಗಳದಲ್ಲಿ ಕುರ್ಚಿಗಳು ಖಾಲಿಯಾಗುತ್ತವೆ. ಇನ್ನೊಂದು ವಿದ್ಯೆ ಯಾವ ಆ್ಯಪಿನಲ್ಲೂ ಇಲ್ಲ. ರಾತ್ರಿ ಏರಿದ ಹಾಗೆ ಚಪ್ಪರದ ಹಿಂದಿನಿಂದ ಕುಡಿದು ಬಂದ ಗಂಡಸರ ಗುಂಪು ನಡುವೆ ನುಗ್ಗಿದಾಗ ಹೆಂಗಸರು ಮೆಲ್ಲನೆ ಅಂಚಿಗೆ ಸರಿಯುತ್ತಾರೆ. ಅದನ್ನು ಕಂಡ ಡಿಜೆ ವೇಗ ಇಳಿಸುತ್ತಾನೆ, ಊಟಕ್ಕೆ ಕರೆಯುವ ಘೋಷಣೆ ಹಾಕುತ್ತಾನೆ, ಇಲ್ಲವೇ ಮದುಮಗಳ ಗೆಳತಿಯರು ಅಭ್ಯಾಸ ಮಾಡಿಟ್ಟ ಹಾಡನ್ನು ಹಾಕಿ ಫ್ಲೋರನ್ನು ಅವರಿಗೆ ಬಿಟ್ಟುಕೊಡುತ್ತಾನೆ. “ಅಣ್ಣಾ, ನಮ್ಮ ಹಾಡು ಹಾಕಿ ಮಾರಾಯ್ರೆ” ಎಂದು ಭುಜ ಹಿಡಿದು ಅಲುಗಿಸುವವನಿಗೆ ನಗುತ್ತಲೇ “ಈಗ ಬಂತು ಭಾವ” ಎಂದು ಹೇಳಿ, ಹಾಕದೇ ಇರುವುದೂ ಕಸುಬಿನ ಭಾಗ.

ಹಗಲಿಗೊಂದು, ರಾತ್ರಿಗೊಂದು

ಡಿಜೆ ಕೆಲಸವೊಂದನ್ನೇ ನಂಬಿ ಈ ತಾಲೂಕುಗಳಲ್ಲಿ ಮನೆ ನಡೆಸುವುದು ಕಷ್ಟ. ಮಳೆಗಾಲವೇ ಮೊದಲ ಅಡ್ಡಿ. ಜೂನಿನಿಂದ ಅಂಗಳದಲ್ಲಿ ನೀರು, ಆಟಿ ತಿಂಗಳಲ್ಲಿ ಮದುವೆಯಿಲ್ಲ. ಆ ದಿನಗಳಲ್ಲಿ ಗದ್ದೆಗಿಳಿಯುವ ‘ಕೆಸರ್ಡೊಂಜಿ ದಿನ’ಗಳು, ಅಷ್ಟಮಿಯ ಮೊಸರು ಕುಡಿಕೆ, ಆಮೇಲೆ ಗಣೇಶೋತ್ಸವ, ನವರಾತ್ರಿಯ ಶಾರದೋತ್ಸವ ಒಂದಿಷ್ಟು ಕೈ ಹಿಡಿಯುತ್ತವೆ. ಮಳೆ ಬಿಟ್ಟ ಮೇಲೆ ಯುವಕ ಮಂಡಲಗಳ, ಫ್ರೆಂಡ್ಸ್ ಕ್ಲಬ್ಬುಗಳ ವಾಲಿಬಾಲ್, ಕಬಡ್ಡಿ ಪಂದ್ಯಾಟಗಳು. ಅಲ್ಲಿ ಪಾಯಿಂಟಿಗೊಂದು ತುಣುಕು ಹಾಡು, ನಡುವೆ ವೀಕ್ಷಕ ವಿವರಣೆ. ಮಡಿಕೇರಿ, ಸಕಲೇಶಪುರ ಕಡೆಯ ಹೋಂಸ್ಟೇಗಳು ಘಟ್ಟದ ಮೇಲಿದ್ದರೂ ಸುಳ್ಯ–ಕಡಬದವರಿಗೆ ದೂರವಲ್ಲ. ಉಳಿದ ದಿನಗಳಿಗೆ ಬೇರೆ ಕೆಲಸ ಇರಲೇಬೇಕು.

ಆ ಬೇರೆ ಕೆಲಸ ಹೆಚ್ಚಾಗಿ ವಯರು, ಯಂತ್ರಗಳ ಹತ್ತಿರದ್ದು: ಮೊಬೈಲ್ ರಿಪೇರಿ, ಇಲೆಕ್ಟ್ರಿಕಲ್ ವಯರಿಂಗ್, ಸಿಸಿ ಕ್ಯಾಮೆರಾ ಜೋಡಣೆ, ಫ್ಲೆಕ್ಸ್ ಮುದ್ರಣ. ಆಟೊ ಓಡಿಸುವವರಿದ್ದಾರೆ, ಪದವಿ ಓದುತ್ತಿರುವವರಿದ್ದಾರೆ, ಮನೆಯ ತೋಟ ನೋಡಿಕೊಳ್ಳುವವರಿದ್ದಾರೆ. ರಬ್ಬರು ಟ್ಯಾಪಿಂಗ್ ಮಾಡುವವನಿಗೆ ಮಾತ್ರ ಎರಡೂ ಹೊಂದುವುದು ಕಷ್ಟ. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆಯಾಗುವುದರಿಂದ ಬೆಳಕು ಹರಿಯುವ ಹೊತ್ತಿಗೇ ಮರದ ಬುಡದಲ್ಲಿರಬೇಕು. ಬಾಕ್ಸು ಇಳಿಸಿ ಮನೆ ಸೇರುವಾಗಲೇ ಕೋಳಿ ಕೂಗಿರುತ್ತದೆ.

ಹಣದ ಲೆಕ್ಕವೂ ಹೊರಗಿನಿಂದ ಕಂಡಷ್ಟು ಚೆನ್ನಾಗಿಲ್ಲ. ಮನೆಯವರು ಕೊಡುವುದು ಒಟ್ಟು ಸೌಂಡಿನ ಬಾಡಿಗೆ. ಅದರಲ್ಲಿ ಬಾಕ್ಸಿನ ಮಾಲೀಕ, ಲೈಟಿನವ, ಪಿಕಪ್ಪು, ಜನರೇಟರಿನ ಡೀಸೆಲ್, ಹೇರಿ ಇಳಿಸುವ ಹುಡುಗರ ಪಾಲು ಹೋಗಿ ಉಳಿದದ್ದು ಡಿಜೆಗೆ. ಮನೆಯ ಸಿಂಗಲ್ ಫೇಸ್ ಲೈನಿಗೆ ಆಂಪ್ಲಿಫಯರು ಸೇರಿಸಿದರೆ ಬೇಸ್ ಬಡಿದಾಗಲೆಲ್ಲ ಬಲ್ಬು ಮಂಕಾಗುತ್ತದೆ, ಲ್ಯಾಪ್‌ಟಾಪಿನ ಚಾರ್ಜು ಕೈಕೊಡುತ್ತದೆ. ಹಾಗಾಗಿ ಜನರೇಟರು ಬೇಡ ಎನ್ನುವ ಹಾಗಿಲ್ಲ. ಮಳೆಗಾಲದ ಥಂಡಿಗೆ ಸ್ಪೀಕರಿನ ಕಾಗದದ ಕೋನಿಗೆ ಬೂಸ್ಟು ಹಿಡಿಯುತ್ತದೆ. ಕಂಟ್ರೋಲರಿಗೆ ಮಾಡಿದ ಸಾಲದ ಕಂತು ಮಾತ್ರ ಆಟಿಯಲ್ಲೂ ಬರುತ್ತದೆ.

ಕಿವಿಯ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಕೆಲಸ ಮಾಡಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ತಲುಪುವಾಗ ಉಳಿಯುವುದು ಹದಿನೈದೇ ನಿಮಿಷ. ಸಂಗೀತ ಕೇಳುವ ಸ್ಥಳಗಳಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡವೂ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಎನ್ನುತ್ತದೆ. ಬಾಕ್ಸಿನ ಪಕ್ಕದಲ್ಲೇ ರಾತ್ರಿ ಕಳೆಯುವವನು ಹೆಡ್‌ಫೋನಿನ ಸದ್ದನ್ನು ಅದಕ್ಕಿಂತ ಜೋರು ಮಾಡಿಕೊಳ್ಳುತ್ತಾನೆ. ಇಯರ್‌ಪ್ಲಗ್ ಹಾಕಿದ ಡಿಜೆಯನ್ನು ನಮ್ಮ ಅಂಗಳಗಳಲ್ಲಿ ಕಾಣುವುದು ಅಪರೂಪ.

ಹತ್ತು ಹೊಡೆದ ಮೇಲೆ

ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ನೇ ಇಸವಿಯಲ್ಲಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವ ಹಾಗಿಲ್ಲ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗಗಳಿಗೆ ವಿನಾಯಿತಿ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆಂದು ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿನಲ್ಲಿ ಇನ್ನೂ ಬಿಗಿ. 2005ರ ಜುಲೈ 18ರಂದು ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಈ ನಿಯಮಗಳಿಗೆ ಬಲ ತುಂಬಿತು. ರಾಜ್ಯ ಸರ್ಕಾರ 2022ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿ ಪಾಲನೆಯನ್ನು ಮತ್ತೊಮ್ಮೆ ಬಿಗಿ ಮಾಡಿತು.

ನಿಯಮ ಹಳೆಯದು, ಜಾರಿ ಹೊಸದು. ಬೆಳಗಿನವರೆಗೆ ನಡೆಯುತ್ತಿದ್ದ ಕಟೀಲು ಮೇಳದ ಯಕ್ಷಗಾನ ಆಟಗಳೇ ಕಾಲಮಿತಿಗೆ ಬಂದು, ವಿವಾದ ಹೈಕೋರ್ಟಿಗೆ ಹೋದ ಜಿಲ್ಲೆ ಇದು. 2025ರಲ್ಲಿ ಜಿಲ್ಲೆಯ ಪೊಲೀಸರು ರಾತ್ರಿಯ ಧ್ವನಿವರ್ಧಕಗಳ ಮೇಲೆ ಹಿಡಿತ ಬಿಗಿ ಮಾಡಿದಾಗ ಯಕ್ಷಗಾನ, ನಾಟಕ, ಮೆರವಣಿಗೆ, ಮೆಹಂದಿ ಎಲ್ಲವೂ ಒಂದೇ ತಕ್ಕಡಿಗೆ ಬಿದ್ದವು. ಆಟದ ಪರವಾಗಿ ಮಾತಾಡಲು ಕಲಾಭಿಮಾನಿಗಳಿದ್ದರು, ದೇವಸ್ಥಾನಗಳಿದ್ದವು. ಡಿಜೆಯ ಪರವಾಗಿ ಯಾರೂ ಇರಲಿಲ್ಲ. ಮೆಹಂದಿಯ ದುಂದುವೆಚ್ಚ, ಕುಡಿತದ ವಿರುದ್ಧ ಜಾತಿ ಸಂಘಗಳ ಸಭೆಗಳಲ್ಲಿ ಆಗಾಗ ಕೇಳುವ ಮಾತಿನಲ್ಲೂ ಡಿಜೆಯದು ಮೊದಲ ಹೆಸರು.

ಇಲ್ಲಿ ಒಂದು ಅನ್ಯಾಯವೂ ಇದೆ. ಪಬ್ಬಿನಲ್ಲಿ ಪರವಾನಗಿ, ಸಮಯ, ಸದ್ದು ಎಲ್ಲದಕ್ಕೂ ಹೊಣೆ ಮಾಲೀಕನದು; ಡಿಜೆ ನುಡಿಸಿ ಹೋಗುತ್ತಾನೆ. ಅಂಗಳಕ್ಕೆ ಮಾಲೀಕನಿದ್ದರೂ ಆತ ನಾಳೆ ಮಗಳ ಮದುವೆ ಮಾಡಬೇಕಾದ ಅಪ್ಪ. ಠಾಣೆಯ ಅನುಮತಿ ಸೌಂಡಿನವರು ಮಾಡಿಸಿರಬಹುದೆಂದು ಮನೆಯವರು, ಮನೆಯವರು ಮಾಡಿಸಿರಬಹುದೆಂದು ಸೌಂಡಿನವರು ಅಂದುಕೊಂಡಿರುತ್ತಾರೆ. ಹತ್ತು ದಾಟಿದ ಮೇಲೆ “ಇನ್ನೊಂದೇ ಹಾಡು” ಎನ್ನುವವರು ನೂರು ಜನ. ಜೀಪು ಬಂದಾಗ ಮೇಜಿನ ಹಿಂದೆ ಉಳಿಯುವವನು ಒಬ್ಬನೇ, ಮತ್ತು ಮುಟ್ಟುಗೋಲಿಗೆ ಸಿಗುವುದು ಮಿಕ್ಸರು, ಆಂಪ್ಲಿಫಯರು. ಅವು ಠಾಣೆಯಲ್ಲಿರುವಷ್ಟು ದಿನ ಒಪ್ಪಿಕೊಂಡ ಬೇರೆ ಕಾರ್ಯಕ್ರಮಗಳೂ ಕೈತಪ್ಪುತ್ತವೆ. ನುಡಿಸು ಎಂದು ದುಡ್ಡು ಕೊಟ್ಟವರು ಆ ನಷ್ಟದಲ್ಲಿ ಪಾಲು ಹೊರುವ ಪದ್ಧತಿ ಇನ್ನೂ ಬಂದಿಲ್ಲ.

ಬೇಸ್ ಗುಡ್ಡ ಹತ್ತುತ್ತದೆ

ಹಾಗೆಂದು ನೆರೆಮನೆಯವರ ದೂರು ಸುಳ್ಳಲ್ಲ. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಬಾಕ್ಸಿನಿಂದ 10 ಮೀಟರಿನಲ್ಲಿ 95 ಡೆಸಿಬೆಲ್ ಇದ್ದರೆ, ಹಗಲಿನ ಮಿತಿಯಾದ 55ಕ್ಕೆ ಇಳಿಯಲು ಒಂದು ಕಿಲೋಮೀಟರು ಬೇಕು. ರಾತ್ರಿಯ ಮಿತಿ 45ಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು. ಗುಡ್ಡ, ಮರ, ಗಾಳಿ ಈ ಲೆಕ್ಕವನ್ನು ಆಚೀಚೆ ಮಾಡುತ್ತವೆ ನಿಜ. ಆದರೆ ಸುಳ್ಯ, ಕಡಬದ ಮನೆಗಳಿರುವುದು ಗುಡ್ಡಗಳ ನಡುವಿನ ಬೈಲುಗಳಲ್ಲಿ. ಒಂದು ಮಗ್ಗುಲಿನ ಅಂಗಳದ ಸದ್ದು ಎದುರಿನ ಮಗ್ಗುಲಿನ ಜಗಲಿಗೆ ನೇರವಾಗಿ ಮುಟ್ಟುತ್ತದೆ. ಜತೆಗೆ ರಾತ್ರಿ ನೆಲ ತಣಿದಾಗ ಕೆಳಗಿನ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿರುತ್ತದೆ. ಆಗ ಮೇಲೇರಬೇಕಾದ ಸದ್ದು ಬಾಗಿ ಕೆಳಕ್ಕೆ ಮರಳುತ್ತದೆ. ಸಂಜೆ ಏಳಕ್ಕೆ ಯಾರಿಗೂ ಕೇಳದಿದ್ದ ಅದೇ ವಾಲ್ಯೂಮು ಹನ್ನೊಂದಕ್ಕೆ ಆಚೆ ಊರಿಗೆ ಕೇಳುವುದು ಇದರಿಂದ.

ಬೇಸಿನದು ಬೇರೆಯೇ ಕಥೆ. ನಿಯಮದ ಡೆಸಿಬೆಲ್ ಮನುಷ್ಯನ ಕಿವಿಗೆ ಹೊಂದಿಸಿದ ‘ಎ’ ಮಾಪನದ್ದು. ಈ ಮಾಪನ ಕೆಳ ಸ್ವರಗಳನ್ನು ಕಡಿಮೆ ಎಣಿಸುತ್ತದೆ: 100 ಹರ್ಟ್ಸ್‌ನ ಸದ್ದಿಗೆ ಸುಮಾರು 19 ಡೆಸಿಬೆಲ್, 50 ಹರ್ಟ್ಸ್‌ಗೆ 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಡಿಜೆ ಸಂಗೀತದ ಗುದ್ದು ಇರುವುದು ನಿಖರವಾಗಿ ಅಲ್ಲಿಯೇ. ಮಾಪಕ ಮಿತಿಯೊಳಗೆ ಇದೆ ಎಂದರೂ ನೆರೆಮನೆಯ ಮಾಡಿನ ಹಂಚು ನಡುಗುತ್ತಿರಬಹುದು, ಹಟ್ಟಿಯ ದನ ಬೆದರಿರಬಹುದು, ಹಾಸಿಗೆ ಹಿಡಿದ ಮುದುಕರ ಎದೆ ಹೊಡೆದುಕೊಳ್ಳುತ್ತಿರಬಹುದು. ಗೋಡೆಗಳು ಹಾಡಿನ ಮಾತನ್ನು ತಡೆಯುತ್ತವೆ, ಬೇಸನ್ನು ತಡೆಯಲಾರವು.

ಈ ಲೆಕ್ಕ ಬಲ್ಲವರು ಬಾಕ್ಸುಗಳನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸುವುದಿಲ್ಲ. ಮನೆಯ ಹಿಂದೆ ಗುಡ್ಡವಿದ್ದರೆ ಆ ಕಡೆಗೆ ತಿರುಗಿಸುತ್ತಾರೆ; ಎತ್ತರದ ನಾಲ್ಕು ಟಾಪ್ ಬಾಕ್ಸುಗಳ ಬದಲು ಕುಣಿಯುವವರ ಹತ್ತಿರ ಚಿಕ್ಕ ಬಾಕ್ಸುಗಳನ್ನು ಇಟ್ಟು ಒಟ್ಟು ಸದ್ದು ತಗ್ಗಿಸುತ್ತಾರೆ; ಒಂಬತ್ತರ ಮೇಲೆ ಬೇಸನ್ನು ಮೊದಲು ಇಳಿಸುತ್ತಾರೆ. ಕುಣಿಯುವವರಿಗೆ ವ್ಯತ್ಯಾಸ ತಿಳಿಯುವುದು ಕಡಿಮೆ. ನೆರೆಮನೆಗೆ ತಿಳಿಯುತ್ತದೆ.

ಹಾಡು ಯಾರದು?

ಬಾರಿನಲ್ಲೋ ಪಬ್ಬಿನಲ್ಲೋ ರೆಕಾರ್ಡು ಮಾಡಿದ ಹಾಡು ಹಾಕಲು ಹಕ್ಕುದಾರ ಸಂಸ್ಥೆಗಳ ಪರವಾನಗಿ ಬೇಕು. ಧ್ವನಿಮುದ್ರಣದ ಹಕ್ಕಿಗೆ 1941ರಲ್ಲಿ ಹುಟ್ಟಿದ ಪಿಪಿಎಲ್, ಸಾಹಿತ್ಯ–ಸಂಗೀತ ರಚನೆಗೆ 1969ರ ಐಪಿಆರ್‌ಎಸ್. ಮದುವೆ ಮನೆಗೆ ಈ ಕಾಟವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಧಾರ್ಮಿಕ ವಿಧಿಗಳಿಗೆ ಕೊಟ್ಟ ವಿನಾಯಿತಿಯಲ್ಲಿ ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮಗಳೂ ಸೇರಿವೆ. ಹೋಟೆಲುಗಳಲ್ಲಿ ಮದುವೆಗೂ ರಾಯಧನ ವಸೂಲಿ ಮಾಡುತ್ತಾರೆಂಬ ದೂರುಗಳ ಮೇಲೆ ಕೇಂದ್ರ ಸರ್ಕಾರ 2023ರ ಜುಲೈ 24ರಂದು ಈ ಅಂಶವನ್ನು ಪ್ರಕಟಣೆ ಹೊರಡಿಸಿ ಸ್ಪಷ್ಟಪಡಿಸಿತು. ಪಂದ್ಯಾಟ, ಹೋಂಸ್ಟೇ ಪಾರ್ಟಿಗಳು ಮಾತ್ರ ಈ ನೆರಳಿಗೆ ಬರುವುದಿಲ್ಲ.

ಕಾನೂನಿಗಿಂತ ಬಿಗಿಯಾದ ಇನ್ನೊಂದು ಗೆರೆ ಊರಿನದು. ‘ಕಾಂತಾರ’ 2022ರಲ್ಲಿ ಬಂದ ಮೇಲೆ ದೈವದ ದನಿ, ಕೂಗು, ವಾದ್ಯಗಳನ್ನು ಬೀಟಿಗೆ ಬೆರೆಸುವ ಚಪಲ ಹೊರಗಿನ ಡಿಜೆಗಳಿಗೆ ಹತ್ತಿತು. ದೈವದ ಅನುಕರಣೆ ಬೇಡ ಎಂದು 2025ರಲ್ಲಿ ಚಿತ್ರದ ನಿರ್ಮಾಪಕರೇ ಪ್ರೇಕ್ಷಕರನ್ನು ಕೇಳಿಕೊಳ್ಳಬೇಕಾಯಿತು. ಇಲ್ಲಿ ಹುಟ್ಟಿ ಬೆಳೆದ ಡಿಜೆಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಭೂತದ ಚಾವಡಿ ಇರುವ ಮನೆಯ ಅಂಗಳದಲ್ಲಿ, ಮಾಂಸದೂಟ, ಕುಡಿತದ ನಡುವೆ ಆ ಸ್ವರ ಹಾಕಬಾರದೆಂದು ಅವನಿಗೆ ಗೊತ್ತು. ಪಕ್ಕದಲ್ಲೇ ಕೋಲ ನಡೆಯುವ ರಾತ್ರಿ ಕಾರ್ಯಕ್ರಮ ಒಪ್ಪಿಕೊಳ್ಳದವರೂ ಇದ್ದಾರೆ.

ಗಡಿಯಾರ ಕಲಿತವರು

ಈಗ ಮೂರು ಬಗೆಯ ದಾರಿ ಕಾಣುತ್ತಿದೆ. ಹಣವಿದ್ದವರು ಮೆಹಂದಿಯನ್ನು ಹವಾನಿಯಂತ್ರಿತ ಸಭಾಂಗಣಕ್ಕೆ ಒಯ್ಯುತ್ತಾರೆ. ಮುಚ್ಚಿದ ಜಾಗವಾದ್ದರಿಂದ ಕಾನೂನಿನ ತೊಡಕು ಕಡಿಮೆ. ಆದರೆ ಬಾಡಿಗೆ ಏರುತ್ತದೆ, ದೇವಸ್ಥಾನದ ಸಭಾಭವನಗಳಲ್ಲಿ ಮಾಂಸದೂಟಕ್ಕೆ ಅವಕಾಶವಿಲ್ಲ, ಅಂಗಳಕ್ಕೆ ನಡೆದು ಬರುತ್ತಿದ್ದ ನೆರೆಯ ಹೆಂಗಸರು ಅಲ್ಲಿಗೆ ಬರುವುದಿಲ್ಲ. ಕೆಲವರು ಡಿಜೆಯನ್ನೇ ಬಿಟ್ಟು ಬ್ಲೂಟೂತ್ ಬಾಕ್ಸು, ಕರೋಕೆಗೆ ಇಳಿದಿದ್ದಾರೆ. ಮೂರನೆಯದು ಅಂಗಳದಲ್ಲೇ ಉಳಿದು ಹೊತ್ತು ಬದಲಿಸುವುದು: ಒಂಬತ್ತಕ್ಕೆ ಶುರುವಾಗುತ್ತಿದ್ದದ್ದನ್ನು ಆರಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸುವುದು.

ಮೂರನೆಯದೇ ಈ ಕಸುಬನ್ನು ಉಳಿಸುವ ದಾರಿ. ಅದಕ್ಕೆ ಬೇಕಾದದ್ದು ದೊಡ್ಡ ಹೂಡಿಕೆಯಲ್ಲ. ಮುಂಗಡ ಪಡೆಯುವಾಗಲೇ ಒಂದು ಹಾಳೆಯ ಕರಾರು. ಅನುಮತಿ ಮಾಡಿಸುವವರು ಯಾರು, ನಿಲ್ಲಿಸುವ ಹೊತ್ತು ಯಾವುದು, ಮೀರಿದರೆ ದಂಡ ಯಾರದು ಎಂಬ ನಾಲ್ಕು ಸಾಲು. ಠಾಣೆಯಲ್ಲಿ ಅನುಮತಿಯನ್ನು ಅಲೆದಾಡಿಸದೆ ಕೊಟ್ಟರೆ, ಅನುಮತಿ ಇಲ್ಲದೆಯೇ ನಡೆಸೋಣ ಎನ್ನುವ ಮನೆಗಳು ತಾವಾಗಿ ಕಡಿಮೆಯಾಗುತ್ತವೆ. ನಿಯಮ ಮೀರಿದಾಗ ಹೊಣೆ ಮಿಕ್ಸರು ಹಿಡಿದವನಿಗೆ ಮಾತ್ರವಲ್ಲ, ಕರೆಸಿದವರಿಗೂ ಬರಬೇಕು. ಸೌಂಡಿನವರು ಕೂಡ ಬಾಕ್ಸಿನ ಎಣಿಕೆಯಿಂದ ದರ ಹೇಳುವ ರೂಢಿ ಬಿಡಬೇಕು. ಎಂಟು ಬೇಸ್ ತರುತ್ತೇವೆ ಎಂಬ ಪೈಪೋಟಿಯೇ ಊರಿನವರನ್ನು ಠಾಣೆಗೆ ಫೋನು ಮಾಡಿಸಿದ್ದು.

ನೆರೆಯವರನ್ನು ಕಟ್ಟಿಕೊಂಡು ಬದುಕುವ ಕಸುಬು ಇದು. ಇವತ್ತು ದೂರು ಕೊಡುವ ಮನೆಯಲ್ಲೂ ಮುಂದಿನ ಸೀಸನ್ನಿಗೆ ಮದುವೆಯೊಂದು ಇರುತ್ತದೆ, ಅಲ್ಲಿಗೂ ಒಬ್ಬ ಡಿಜೆ ಬೇಕಾಗುತ್ತದೆ. ಆ ಮನೆಯವರು ನೆನಪಿಟ್ಟುಕೊಂಡು ಕರೆಯುವುದು ಹೊತ್ತಿಗೆ ಸರಿಯಾಗಿ ನಿಲ್ಲಿಸಿದವನನ್ನು.